ಸಾಲು ತುಂಬಿದ ನಳಿಗೆ

ಗೆಟ್ಟವಾಡಿಯ ಕೆಂಪಯ್ಯನಿಗೆ ಎಪ್ಪತ್ತೊಂದು ವರ್ಷ. ಒಂದು ಕಣ್ಣಿನ ಪೊರೆ ತೆಗೆಸಿಯಾಗಿದೆ, ಇನ್ನೊಂದರದು ‘ಆಗ್ಲಿ ಬುಡು, ಅರ್ಜೆಂಟೇನು’ ಎಂಬಲ್ಲಿ ನಿಂತಿದೆ. ಆದರೆ ಬಂದೂಕಿನ ನಳಿಗೆ ನೋಡಲು ಅವನಿಗೆ ಕಣ್ಣು ಬೇಕಿಲ್ಲ. ಉಕ್ಕಿನ ಗಜದ ತುದಿಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ಬಿಗಿಯಾಗಿ ತಳ್ಳುತ್ತಾನೆ. ಗಜ ಒಳಕ್ಕೆ ಹೋದಂತೆಲ್ಲ ಹಿಡಿಯ ಹತ್ತಿರ ತಾನಾಗಿ ತಿರುಗುತ್ತದೆ. ಆ ತಿರುಗುವ ಗಜದ ಮೇಲೆ ತೋರುಬೆರಳನ್ನು ಇಟ್ಟುಕೊಂಡು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವನ ಹಾಗೆ ಅರೆಗಣ್ಣು ಮುಚ್ಚುತ್ತಾನೆ. ಎಲ್ಲಿ ಬಿಗಿ, ಎಲ್ಲಿ ಸಡಿಲ, ಒಳಗೆ ಸಾಲೆಷ್ಟು, ಎಷ್ಟು ಉದ್ದಕ್ಕೆ ಒಂದು ಸುತ್ತು ಎಂಬುದೆಲ್ಲ ಬೆರಳಿಗೆ ತಿಳಿಯುತ್ತದೆ.

ರೈಫಲ್ ಎಂದರೆ ಒಳಗೆ ಸಾಲು ಹೊಡೆದ ಬಂದೂಕು ಎಂದೇ ಅರ್ಥ. ನಳಿಗೆಯ ಒಳಮೈಯಲ್ಲಿ ಉದ್ದಕ್ಕೂ ಸಾಲುಗಳು ತಿರುಚಿಕೊಂಡು ಸಾಗುತ್ತವೆ. ಸಾಲಿಗೂ ಸಾಲಿಗೂ ನಡುವೆ ಉಬ್ಬಿ ನಿಂತದ್ದು ದಿಂಡು. ಗುಂಡು ಸಾಗುವಾಗ ಈ ದಿಂಡುಗಳು ಅದರ ಮೈಯನ್ನು ಕಚ್ಚಿ ಹಿಡಿದು ತಿರುಗಿಸುತ್ತವೆ. ಚಾಟಿ ಸುತ್ತಿ ಬಿಟ್ಟ ಬುಗುರಿ ತಿರುಗುತ್ತಿರುವವರೆಗೆ ನೆಟ್ಟಗೆ ನಿಲ್ಲುವುದಿಲ್ಲವೆ, ಹಾಗೆ ತಿರುಗುವ ಗುಂಡು ನೆಟ್ಟಗೆ ಹೋಗುತ್ತದೆ. ಸಾಲು, ದಿಂಡು ಎಂಬ ಮಾತು ಯಾವ ಪುಸ್ತಕದ್ದೂ ಅಲ್ಲ, ಕೆಂಪಯ್ಯನದೇ. ಏಳನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟು ಊರವರ ಹೊಲದಲ್ಲಿ ಕೂಲಿಗೆ ಉತ್ತವನು ಅವನು. ನಳಿಗೆಯೊಳಗೆ ಮೊದಲ ಸಲ ಕಣ್ಣಿಟ್ಟಾಗ ಅವನಿಗೆ ಕಂಡದ್ದು ಹಸಿ ಉಳುಮೆ.

ಅಪ್ಪ ಚಿಕ್ಕಸಿದ್ದ ಕೂಲಿಯವನೇ. ರಾಗಿ ತೆನೆಗಟ್ಟುವ ಕಾಲಕ್ಕೆ ಹೊಲದ ಯಜಮಾನರ ಕೇಪಿನ ಕೋವಿ ಹಿಡಿದು ಅಟ್ಟಣೆಯ ಮೇಲೆ ಹಂದಿ ಕಾಯುತ್ತಿದ್ದ. ಬಾಯಿಂದ ಮದ್ದು ಜಡಿಯುವ ಆ ಕೋವಿಯ ಒಳಗೆ ಸಾಲೂ ಇಲ್ಲ ದಿಂಡೂ ಇಲ್ಲ, ಬಿದಿರ ಕೊಳವೆಯ ಹಾಗೆ ನುಣ್ಣಗೆ. ಇಪ್ಪತ್ತು ಮಾರಿನಾಚೆ ಅದರ ಗುಂಡು ಯಾರ ಮಾತೂ ಕೇಳುತ್ತಿರಲಿಲ್ಲ. ಹಂದಿ ಓಡುತ್ತಿದ್ದದ್ದು ಸದ್ದಿಗೆ.

ಇಪ್ಪತ್ತರ ವಯಸ್ಸಿಗೆ ಕೆಂಪಯ್ಯ ಮೂಲಂಗಿ ಲಾರಿಯ ಮೇಲೆ ಕೂತು ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದು, ಒಂದು ಪೊಲೀಸ್ ಪಡೆಯಲ್ಲಿ ಅಡುಗೆಯವರ ಕೈಯಾಳಾಗಿ ಸೇರಿದ. ಮೂರು ತಿಂಗಳು ಈರುಳ್ಳಿ ಕೊಯ್ದ. ಒಂದು ದಿನ ಆಯುಧದ ಕೋಣೆಯಲ್ಲಿ ಒರೆಸುವ ಆಳು ರಜೆ ಹಾಕಿದನೆಂದು ಇವನನ್ನು ಕರೆದರು. ಅವತ್ತು ಒಳಗೆ ಹೋದವನು ಮೂವತ್ತನಾಲ್ಕು ವರ್ಷ ಹೊರಗೆ ಬರಲಿಲ್ಲ. ಯಾರೂ ಕಲಿಸಲಿಲ್ಲ, ಇಂಗ್ಲಿಷ್ ಕೈಪಿಡಿ ಓದಲು ಬರುತ್ತಿರಲಿಲ್ಲ. ನಳಿಗೆಗಳನ್ನೇ ಓದಿದ. ತ್ರೀ ನಾಟ್ ತ್ರೀ ರೈಫಲ್ಲಿನ ಸಾಲು ಎಡಕ್ಕೆ ತಿರುಗುತ್ತದೆ, ಒಂದು ಗೇಣಿಗೆ ಒಂದಂಗುಲ ಸೇರಿಸಿದರೆ ಒಂದು ಸುತ್ತು ಮುಗಿಯುತ್ತದೆ ಎಂದು ಗೇಣು ಹಾಕಿಯೇ ಕಂಡುಕೊಂಡ.

ಆ ಪಡೆಯಲ್ಲಿ ಯುದ್ಧಕಾಲದ ಕೆಲವು ರೈಫಲ್ಲುಗಳಿದ್ದವು. ಮಾಮೂಲಿಗೆ ಐದು ಸಾಲು. ಇವಕ್ಕೆ ಅವಸರದಲ್ಲಿ ಎರಡೇ ಸಾಲು ಹೊಡೆದು ಕಳಿಸಿದ್ದರು. ‘ಎರಡು ಸಾಲಿನ ಬಂದೂಕು ಏನು ಗುರಿ ಹೊಡೆದೀತು’ ಎಂದು ಹೊಸ ಅಧಿಕಾರಿ ಅವನ್ನು ಮೂಲೆಗೆ ಹಾಕಿಸಿದರು. ಕೆಂಪಯ್ಯ ಮುಂದೆ ಬಂದು, ಹೊಡೆಸಿ ನೋಡಿ ಆಮೇಲೆ ಮೂಲೆಗೆ ಹಾಕಿ ಎಂದ. ಅಡುಗೆಮನೆಯಿಂದ ಬಂದವನ ಮಾತೆಂದು ಅವರು ನಕ್ಕು, ಟವಲಿನಲ್ಲಿ ಅವನ ಕಣ್ಣು ಕಟ್ಟಿಸಿ ಮೇಜಿನ ಮೇಲೆ ಹನ್ನೆರಡು ರೈಫಲ್ ಇಡಿಸಿದರು. ಯಾವುದಕ್ಕೆ ಎಷ್ಟು ಸಾಲು, ಹೇಳು ಎಂದರು. ಕೆಂಪಯ್ಯ ಒಂದೊಂದಕ್ಕೂ ಗಜ ತೂರಿಸಿ ಐದು, ಐದು, ಎರಡು, ಐದು ಎಂದು ಹೇಳುತ್ತ ಹೋದ. ಹನ್ನೆರಡೂ ಸರಿ. ಆಮೇಲೆ ಗುರಿಗೆ ಹೊಡೆಸಿದಾಗ ಎರಡು ಸಾಲಿನವು ಐದು ಸಾಲಿನವಕ್ಕಿಂತ ಒಂದು ಕೂದಲೂ ಕಡಿಮೆ ಬೀಳಲಿಲ್ಲ. ಮಂಚ ಹೊರಲು ಐದು ಜನವೇ ಬೇಕೇನು, ಎರಡು ಕಡೆ ಇಬ್ಬರು ಗಟ್ಟಿಯಾಗಿ ಹಿಡಿದರೆ ಸಾಕು ಎಂಬುದು ಕೆಂಪಯ್ಯನ ವಿವರಣೆ. ಸಾಲಿನ ಲೆಕ್ಕಕ್ಕಿಂತ ಸಾಲು ಶುದ್ಧವಾಗಿರುವುದು ಮುಖ್ಯ.

ಅವನಿಗೊಂದು ಸ್ವಂತ ಗಾದೆಯಿದೆ: ಮಣ್ಣಿಗೆ ತಕ್ಕ ನೇಗಿಲು, ಮದ್ದಿಗೆ ತಕ್ಕ ಸಾಲು. ಕರಿಮದ್ದಿನ ಕಾಲದಲ್ಲಿ ರೈಫಲ್ಲಿನ ಸಾಲಿಗೆ ಮೂಲೆ ಇಲ್ಲದಂತೆ ದುಂಡಗೆ ಕೊರೆದು ನೋಡಿದ್ದರು. ಕರಿಮದ್ದು ಬೂದಿ ಜಾಸ್ತಿ ಬಿಡುತ್ತದೆ. ದುಂಡು ಸಾಲಿನಲ್ಲಿ ಬೂದಿ ಕೂರುವುದಿಲ್ಲ, ಒಂದು ಸಲ ಬಟ್ಟೆ ಎಳೆದರೆ ಬಂದುಬಿಡುತ್ತದೆ. ಆಮೇಲೆ ಹೊಗೆಯಿಲ್ಲದ ಹೊಸ ಮದ್ದು ಬಂತು. ಅದರ ಬೆಂಕಿ ಆ ಮೇಲುಮೇಲಿನ ದುಂಡು ಸಾಲನ್ನು ತಿಂದು ಹಾಕಿತು. ಆಗ ಆಳವಾಗಿ, ಅಂಚು ಚೂಪಾಗಿ ಕೊರೆಯುವುದು ಶುರುವಾಯಿತು. ಬಾಳಿಕೆ ಬಂತು, ಹಿಡಿತ ಬಂತು, ಜೊತೆಗೆ ಮೂಲೆಯಲ್ಲಿ ಕೊಳೆ ಕೂರುವುದೂ ಬಂತು. ಕೆಂಪಯ್ಯನ ಕೊನೆಯ ವರ್ಷಗಳಲ್ಲಿ ಬಂದ ಪಿಸ್ತೂಲುಗಳಲ್ಲಿ ಸಾಲೇ ಇರಲಿಲ್ಲ, ಆರು ಮಗ್ಗುಲಿನ ನಯವಾದ ತಿರುಚು ಮಾತ್ರ. ತಾಮ್ರದ ಹೊದಿಕೆಯ ಗುಂಡಿಗೆ ಅವು ಹೇಳಿ ಮಾಡಿಸಿದಂಥವು, ಒರೆಸುವುದೂ ಹಗುರ. ಬರೀ ಸೀಸದ ಗುಂಡು ಹಾಕಿದರೆ ಮಾತ್ರ ಒಳಗೆ ಸೀಸ ಮೆತ್ತಿಕೊಳ್ಳುತ್ತ ಹೋಗಿ ನಳಿಗೆಗೇ ಅಪಾಯ.

ಈ ವಿದ್ಯೆಯನ್ನೆಲ್ಲ ಒಮ್ಮೆ ರಜೆಯಲ್ಲಿ ಬಂದಾಗ ಹೆಂಡತಿ ಚಿಕ್ಕಲಕ್ಷ್ಮಮ್ಮನಿಗೆ ಊಟದ ಮುಂದೆ ವಿವರಿಸಿದ್ದ. ಅವಳು ಮುದ್ದೆ ತಿರುಗಿಸುತ್ತಲೇ, “ಇದ ಕಲಿಯಕ್ಕ ಅಷ್ಟ್ ದೂರ ಓಗಿದ್ರಾ? ಮೂಲೆ ಇರ ಡಬ್ಬೀಲಿ ಇಟ್ಟು ಅಂಟ್ಕತದ, ದುಂಡು ಮಡಕೇಲಿ ಅಂಟಲ್ಲ. ನನ್ನ ಕೇಳಿದ್ರ ಏಳ್ತಿದ್ದಿ” ಎಂದಿದ್ದಳು.

ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ಕೆಲವು ವರ್ಷ ಕೆಂಪಯ್ಯನ ಬೆರಳಿಗೆ ಕೆಲಸವಿರಲಿಲ್ಲ. ತಾಳವಾಡಿಯಾಚೆಯ ಹಳೇ ಕಲ್ಲುಗಣಿಯಲ್ಲಿ ಮಣ್ಣಿನ ದಿಬ್ಬ ಕಟ್ಟಿ ಒಂದು ಚಿಕ್ಕ ರೈಫಲ್ ಕ್ಲಬ್ ಶುರುವಾದಾಗ ಬೆರಳಿಗೆ ಮತ್ತೆ ಜೀವ ಬಂತು. ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದ ವಿಶಾಲಾಕ್ಷಮ್ಮ ಅದರ ಕಾರ್ಯದರ್ಶಿ. ಬಂದೂಕು ಒರೆಸಿ ಇಡುವವನು ತಾಳಮಲೆಯ ಮಣಿ. ಇರುವುದು ಮೂರು ಸಣ್ಣ ರೈಫಲ್, ಸೀಸದ ಕಿರುಗುಂಡಿನವು. ಕೆಂಪಯ್ಯನಿಗೆ ಅಲ್ಲಿ ಹುದ್ದೆ ಇಲ್ಲ, ಒಂದು ಕುರ್ಚಿ ಇದೆ. ಮಗಳ ಮಗಳು ಪೂಜಳನ್ನು ಅಲ್ಲಿಗೆ ಸೇರಿಸಿದವನೂ ಅವನೇ. ಹತ್ತೊಂಬತ್ತರ ಆ ಹುಡುಗಿ ಎಡಚಿ. ಎಡಗೈಯವರಿಗೆಂದು ಮಾಡಿದ ರೈಫಲ್ ಆ ಮೂರರಲ್ಲಿ ಒಂದೇ ಒಂದು. ಅದನ್ನು ಹಿಡಿಯುವವಳು ಅವಳೊಬ್ಬಳೇ.

ಕಳೆದ ಆಷಾಢದಲ್ಲಿ ಪೂಜಳ ಗುರಿ ಕೆಟ್ಟಿತು. ಐವತ್ತು ಮೀಟರಿನಲ್ಲಿ ಹತ್ತು ಗುಂಡನ್ನು ಒಂದು ಬಿಲ್ಲೆಯೊಳಗೆ ಹೊಡೆಯುತ್ತಿದ್ದವಳ ಹಾಳೆ ಕಾಳು ಚೆಲ್ಲಿದ ಹಾಗೆ ಕಾಣತೊಡಗಿತು. ಮುಂದಿನ ವಾರದ ಭಾನುವಾರ ಜಿಲ್ಲೆಯ ತಂಡಕ್ಕೆ ಆಯ್ಕೆ. ವಿಶಾಲಾಕ್ಷಮ್ಮ ಸತ್ಯಮಂಗಲದಿಂದ ಶಂಕರ್ ಎಂಬ ಬಂದೂಕು ರಿಪೇರಿಯವನನ್ನು ಬುಧವಾರ ಕರೆಸಿದರು. ಓದಿದವನು, ಕೆಲಸ ಬಲ್ಲವನು. ನಳಿಗೆಯೊಳಗೆ ದಾರದಂಥ ಕ್ಯಾಮೆರಾ ಇಳಿಸಿ ಫೋನಿನಲ್ಲಿ ಎಲ್ಲರಿಗೂ ತೋರಿಸಿದ.

“ನೋಡಿ ಮೇಡಂ, ಎಂಟು ಸಾಲು ಇರ್ಬೇಕು, ಚೂಪಾಗಿ. ಎಲ್ಲ ಮೊಂಡ ಆಗಿದೆ. ನಳಿಗೆ ಸವೆದುಹೋಗಿದೆ. ಕಂಡಮ್ ಮಾಡಿ ಬಿಸಾಡೋದೇ ಒಳ್ಳೇದು.”

ಕೆಂಪಯ್ಯ ಕುರ್ಚಿಯಿಂದ ಎದ್ದ. ಗಜ ತರಿಸಿ, ಬಟ್ಟೆ ಸುತ್ತಿ ಒಂದೇ ಒಂದು ಸಲ ತಳ್ಳಿದ.

“ದಿಂಡು ಸವೆದಿಲ್ಲ ಕಣಪ್ಪ,” ಎಂದ. “ಸಾಲು ತುಂಬ್ಕಂಡದ.”

“ಪೆರಿಯವರೇ, ಕ್ಯಾಮೆರಾ ಸುಳ್ಳು ಹೇಳಲ್ಲ,” ಎಂದ ಶಂಕರ್, ಹಿರಿಯರನ್ನು ತಮಿಳಿನಲ್ಲಿ ಕರೆಯುವ ಹಾಗೆ.

“ಸುಳ್ಳೇಳಲ್ಲ. ಅದ್ಕ ಮುಟ್ಟಕ್ಕ ಬರಲ್ಲ, ಅಷ್ಟೆಯ. ಬದು ಕರಗಿದ್ರೂ ಒಲ ಮಟ್ಟಸ, ಕಾಲುವೆ ಊಳು ತುಂಬುದ್ರೂ ಒಲ ಮಟ್ಟಸ. ಮೇಲಿಂದ ನೋಡ್ದೋನ್ಗ ಎಲ್ಡೂ ಒಂದೇ.”

ಶಂಕರ್ ಸಿಟ್ಟಾಗಲಿಲ್ಲ, ಆದರೆ ಒಪ್ಪಲೂ ಇಲ್ಲ. “ಹಾಗಾದ್ರೆ ಮಿಕ್ಕ ಎರಡು ರೈಫಲ್ ಯಾಕೆ ಚೆನ್ನಾಗಿವೆ? ಅದೇ ಗುಂಡು, ಅದೇ ಮಣಿ ಒರೆಸೋದು. ಕೊಳೆ ಆದ್ರೆ ಮೂರಕ್ಕೂ ಕೂರಬೇಕಲ್ಲ?”

ಪ್ರಶ್ನೆ ನ್ಯಾಯವಾದದ್ದೇ. ಕೆಂಪಯ್ಯನಲ್ಲಿ ಅರ್ಧ ಉತ್ತರವಿತ್ತು: ಮಿಕ್ಕ ಎರಡರ ನೇಗಿಲೇ ಬೇರೆ. ಒಂದರಲ್ಲಿ ಹದಿನಾರು ತೆಳು ಗೀರು, ಇನ್ನೊಂದರಲ್ಲಿ ಅಂಚು ಓರೆ ಮಾಡಿದ ಸಾಲು. ಎರಡರಲ್ಲೂ ಕೊಳೆಗೆ ಅವಿತುಕೊಳ್ಳಲು ಮೂಲೆಯಿಲ್ಲ. ಎಡಗೈ ರೈಫಲ್ಲಿನದು ಆಳ, ಚೂಪು. ಆದರೆ ಮೂಲೆ ಇದ್ದ ಮಾತ್ರಕ್ಕೆ ಇಷ್ಟು ಬೇಗ ಇಷ್ಟು ಕೊಳೆ ಎಲ್ಲಿಂದ ಬಂತು ಎಂಬುದು ಅವನಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ಮೊದಲೇ ಕಡಿಮೆ.

“ಈ ಭಾನುವಾರದ ತನಕ ಬುಡಿ, ಟೀಚರಮ್ಮ,” ಎಂದ. “ಇದೇ ರೈಫಲ್ಲಲ್ಲಿ ನನ್ನ ಕೂಸು ಒಡೀತಳ. ಒಡೀನಿಲ್ಲ ಅಂದ್ರ ನಳಿಗೆ ಜೊತೆಗ ನನ್ನೂ ಕಂಡಮ್ ಮಾಡಿ. ಈ ಗಣಿ ಒಳಕ್ಕ ಇನ್ನ ಕಾಲಿಡಲ್ಲ.”

ಮೂವತ್ತನಾಲ್ಕು ವರ್ಷ ತಪ್ಪದ ಮಾತನ್ನು ಎಲ್ಲರೆದುರು ಪಣಕ್ಕಿಟ್ಟಿದ್ದ. ಕಂಡಮ್ ಕಾಗದಕ್ಕೆ ಭಾನುವಾರವೇ ಸಹಿ ಎಂದು ವಿಶಾಲಾಕ್ಷಮ್ಮ ಹೇಳಿದರು. ಸಹಿ ಬಿದ್ದರೆ ರೈಫಲ್ ಹೋಗುತ್ತದೆ, ಪೂಜ ಆಯ್ಕೆಗೆ ಹೋಗುವಂತಿಲ್ಲ.

“ಯಾಕ್ ತಾತ ಅಷ್ಟ್ ದೊಡ್ ಮಾತಾಡ್ದೆ?” ಎಂದು ಬಸ್ಸಿನಲ್ಲಿ ಪೂಜ ಕೇಳಿದಳು.

“ಚಿಕ್ಕ ಮಾತು ನಂಗ ಬರಲ್ಲ ಕಣವ್ವ,” ಎಂದ ಕೆಂಪಯ್ಯ.

ಗುರುವಾರ ಬೆಳಿಗ್ಗೆಯೇ ಕ್ಲಬ್ಬಿನಲ್ಲಿ ಕೆಲಸಕ್ಕೆ ಕೂತ. ಮೀನಿನ ಬಲೆಗೆ ಕಟ್ಟುವ ಮೆತ್ತನೆಯ ಸೀಸವನ್ನು ನಳಿಗೆಗಿಂತ ಕೂದಲೆಳೆಯಷ್ಟು ದಪ್ಪಕ್ಕೆ ತಟ್ಟಿ, ಎಣ್ಣೆ ಸವರಿ, ಹಿಂದಿನಿಂದ ಗಜದಲ್ಲಿ ತಳ್ಳಿದ. ದಿಂಡು ಸವೆದ ನಳಿಗೆಯಾದರೆ ಸೀಸ ಸಲೀಸಾಗಿ ಜಾರಬೇಕು. ಇದು ಮೊದಲ ಗೇಣಿನಲ್ಲೇ ಕಚ್ಚಿಕೊಂಡು ನಿಂತಿತು. ಗಜ ಒತ್ತಿ ಹೊರತಂದ ಸೀಸದ ಮೇಲೆ ಎಂಟು ಗೀರಿದ್ದವು. ಆದರೆ ಪಾಚಿ ಕಟ್ಟಿದ ಮೆಟ್ಟಿಲಿನ ಹಾಗೆ ಮಾಸಲು. ದಿಂಡು ಬದುಕಿದೆ ಎಂಬುದಕ್ಕೆ ಕೆಂಪಯ್ಯನಿಗೆ ಅಷ್ಟು ಸಾಕ್ಷಿ ಸಾಕು. 

ಕೊಳೆ ಮಾತ್ರ ಹಟ ಹಿಡಿಯಿತು. ಸಾಮಾನ್ಯಕ್ಕೆ ಇಂಥ ನಳಿಗೆಯಲ್ಲಿ ಕೂರುವುದು ಸೀಸ ಮತ್ತು ಮಸಿ. ಬಟ್ಟೆಗೆ ಬೂದು ಬಣ್ಣ, ಕಪ್ಪು ಬಣ್ಣ ಬರಬೇಕು. ಇಲ್ಲಿ ಬಂದದ್ದು ಕಂದು, ಬೆಲ್ಲದ ಪಾಕ ಸೀದ ಹಾಗೆ. ಸೀಮೆಎಣ್ಣೆಯಲ್ಲಿ ನೆನೆಸಿದ, ಕಂಚಿನ ಬ್ರಷ್ಷಿನಲ್ಲಿ ತಿಕ್ಕಿದ. ಮೇಲುಪದರ ಬಂತು, ಮೂಲೆಯದು ಕದಲಲಿಲ್ಲ. ಉಕ್ಕಿನ ಬ್ರಷ್ ತರಲೇ ಎಂದು ಮಣಿ ಕೇಳಿದ್ದಕ್ಕೆ, “ಅದ್ರಲ್ಲಿ ತಿಕ್ಕುದ್ರ ಶಂಕರ್ ಏಳಿದ್ದು ನಿಜ ಆಗೋಯ್ತದ ಕಣ್ಲಾ, ದಿಂಡೂ ಓಯ್ತದ” ಎಂದು ಗದರಿದ. ಶುಕ್ರವಾರ ಸಂಜೆಗೆ ಭುಜ ಸೋತು, ಕಂದು ಹತ್ತಿದ ಎರಡು ಚಿಂದಿಯನ್ನು ಜೇಬಿಗೆ ತುರುಕಿಕೊಂಡು ಊರಿಗೆ ಬಂದ. ರೈಫಲ್ಲನ್ನು ಕ್ಲಬ್ಬಿನ ಬಾಗಿಲು ದಾಟಿಸುವ ಹಾಗಿಲ್ಲ. ಚಿಂದಿಗೆ ಲೈಸೆನ್ಸ್ ಬೇಕಿಲ್ಲ.

ಶನಿವಾರ ಬೆಳಿಗ್ಗೆ ಚಿಕ್ಕಲಕ್ಷ್ಮಮ್ಮ ಕಲ್ಲಿನ ಮೇಲೆ ಅಂಗಿ ಒಗೆಯಲು ಕೂತಿದ್ದವಳು ಜೇಬಿನಿಂದ ಚಿಂದಿ ತೆಗೆದು ಮೂಗಿಗೆ ಹಿಡಿದಳು.

“ಇದೇನಿದು, ಜೇಬ್ ತುಂಬ ಉಚ್ಚೆಳ್ಳೆಣ್ಣೆ ಜಿಡ್ಡು?”

“ಯಾವ ಉಚ್ಚೆಳ್ಳೆಣ್ಣೆ? ಅದು ನಳಿಗೆ ಕೊಳೆ,” ಎಂದ ಕೆಂಪಯ್ಯ. ಹುಚ್ಚೆಳ್ಳಿಗೂ ಬಂದೂಕಿಗೂ ಏನು ಸಂಬಂಧ?

“ನಳಿಗೆ ನಿಮ್ಗ ಗೊತ್ತು, ಎಣ್ಣೆ ನಂಗ ಗೊತ್ತು. ಕಡಲೇಕಾಯ್ ಎಣ್ಣೆ ಚೆಲ್ಲಿದ್ರ ವರ್ಸ ಆದ್ರೂ ಎಣ್ಣೆನೇ. ಉಚ್ಚೆಳ್ಳೆಣ್ಣೆ ಚೆಲ್ಲಿ ಬುಟ್ರ ಒಣಗಿ ಅಂಟಾಯ್ತದ, ಅರಗಿನಂಗ. ದೀಪದ ಬಟ್ಲಲ್ಲಿ ನೋಡಿಲ್ವ? ಮೂಲೇಲಿ ಕೂತ್ಕಂಡ್ರ ಉಗುರಲ್ಲಿ ಕೆರುದ್ರೂ ಬರಲ್ಲ.”

ಕೆಂಪಯ್ಯ ಜಗಲಿಯ ಮೇಲೆ ಕೂತ. ಕೈಯಲ್ಲಿದ್ದ ಕಾಫಿ ಆರಿತು.

ಎರಡು ವರ್ಷದ ಹಿಂದೆ ಒಂದು ಮಳೆಗಾಲದಲ್ಲಿ ಕ್ಲಬ್ಬಿಗೆ ಬರಬೇಕಾಗಿದ್ದ ಬಂದೂಕಿನ ಎಣ್ಣೆ ಬಂದಿರಲಿಲ್ಲ. ನಳಿಗೆಗೆ ತುಕ್ಕು ಹಿಡಿಯುತ್ತದೆಂದು ಮಣಿ ಪರದಾಡುತ್ತಿದ್ದ. ಆಗ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತ ಒಬ್ಬ ಮನುಷ್ಯ ಹೇಳಿದ್ದ: ‘ಅದ್ಕ್ಯಾಕ್ಲಾ ಅಳ್ತೀಯೆ? ನಮ್ಮಪ್ಪ ಕೇಪಿನ ಕೋವಿಗ ಜೀವನ ಪೂರ ಉಚ್ಚೆಳ್ಳೆಣ್ಣೆ ಬುಟ್ಟ. ಒಂದ್ ಚುಕ್ಕೆ ತುಕ್ಕು ಇಡೀನಿಲ್ಲ.’

ಅಪ್ಪನ ಕೋವಿಗೆ ಅದು ಸರಿಯೇ. ಒಳಗೆ ನುಣ್ಣನೆಯ ಕೊಳವೆ, ದಿನ ಬಿಟ್ಟು ದಿನ ಹೊಡೆಯುತ್ತಿದ್ದ, ಹೊಡೆದಾಗಲೆಲ್ಲ ಬಿಸಿನೀರು ಹುಯ್ದು ತೊಳೆಯುತ್ತಿದ್ದ. ಎಣ್ಣೆಗೆ ಒಣಗಲು ಹೊತ್ತೂ ಇಲ್ಲ, ಕೂರಲು ಮೂಲೆಯೂ ಇಲ್ಲ. ಎಡಗೈ ರೈಫಲ್ ಹಾಗಲ್ಲ. ವಾರಕ್ಕೆರಡು ದಿನ ಪೂಜ ಹಿಡಿದರೆ ಉಂಟು, ಮಿಕ್ಕ ದಿನ ಗೂಡಿನಲ್ಲೇ. ಎಂಟು ಸಾಲು, ಹದಿನಾರು ಮೂಲೆ. ಎಣ್ಣೆ ಮೂಲೆಗಿಳಿದು ಒಣಗಿತು. ಆ ಅಂಟಿನ ಮೇಲೆ ಮಸಿ, ಮಸಿಯ ಮೇಲೆ ಸೀಸ, ಅದರ ಮೇಲೆ ಮತ್ತೆ ಎಣ್ಣೆ. ಮಿಕ್ಕೆರಡಕ್ಕೂ ಅದೇ ಎಣ್ಣೆ, ಆದರೆ ಅವಕ್ಕೆ ಮೂಲೆಯೂ ಇಲ್ಲ, ಬಿಡುವೂ ಇಲ್ಲ. ಶಂಕರ್ ಕೇಳಿದ ಪ್ರಶ್ನೆಗೆ ಪೂರಾ ಉತ್ತರ ಸಿಕ್ಕಿತ್ತು. ಉತ್ತರದ ತುದಿಯಲ್ಲಿ ಕೆಂಪಯ್ಯನೇ ನಿಂತಿದ್ದ.

“ಒಣಗಿದ ಉಚ್ಚೆಳ್ಳೆಣ್ಣೆ ಯಾವುದ್ರಲ್ಲಿ ಬಿಡ್ತದ?” ಎಂದು ಮೆಲ್ಲಗೆ ಕೇಳಿದ.

ಅವಳು ತಲೆಯೆತ್ತಿ ಅವನ ಮುಖ ನೋಡಿದಳು. ಮದುವೆಯಾದ ಮೇಲೆ ಅವನು ಅವಳನ್ನು ಪಾಠ ಕೇಳಿದ್ದು ಅದೇ ಮೊದಲು. ಕೆಣಕಲು ಹೋಗಲಿಲ್ಲ. “ಕಾದ ಬೂದಿ ನೀರಲ್ಲಿ. ತಡೀರಿ, ಸೋಸಿ ಕೊಡ್ತಿನಿ” ಎಂದಳು.

ಎರಡು ಬಾಟಲಿ ಬೂದಿ ತಿಳಿಯನ್ನು ಚೀಲದಲ್ಲಿಟ್ಟುಕೊಂಡು ಹನ್ನೊಂದರ ಬಸ್ಸಿಗೆ ಕೆಂಪಯ್ಯ ತಾಳವಾಡಿಗೆ ಬಂದ. ಕ್ಲಬ್ಬಿನಲ್ಲಿ ಮಣಿ ಒಬ್ಬನೇ ಇದ್ದ.

“ಮಣಿ, ಯಾವ ಎಣ್ಣೆ ಹಾಕ್ತಿದ್ದೀಯಪ್ಪ ನಳಿಗೆಗ?”

ಮಣಿ ಗೂಡಿನ ಹಿಂದಿನಿಂದ ಒಂದು ಚಿಕ್ಕ ಸೀಸೆ ತೆಗೆದು ತೋರಿಸಿದ. “ಇದೇ ಅಣ್ಣ. ಬಂದೂಕಿನ ಎಣ್ಣೆ ಆಮೇಲೆ ಬಂತು, ಅದು ಹಾಗೇ ಮುಚ್ಚಿ ಇಟ್ಟಿದೀನಿ. ನೀವು ಹೇಳಿದ್ಮೇಲೆ ಬೇರೆ ಯಾಕೆ? ಗಾಣದಲ್ಲಿ ಕೂತು ಆಡಿಸ್ಕೊಂಡು ಬರ್ತೀನಿ.”

ಕೆಂಪಯ್ಯ ಸೀಸೆಯ ಬಿರಡೆ ತೆಗೆದು ಮೂಸಿದ. ವಿಷಯ ಹೇಳಿದ. ಮಣಿಯ ಮುಖ ಇಳಿಯಿತು. ಅವನು, “ಅಣ್ಣ, ನೀವು ಹೇಳಿದ್ರಿ ಅಂತ ಯಾರ್ಗೂ ಗೊತ್ತಿಲ್ಲ. ಟೀಚರಮ್ಮ ಕೇಳಿದ್ರೆ ನಾನೇ ಗೊತ್ತಿಲ್ದೆ ಹಾಕ್ದೆ ಅಂತೀನಿ. ನನ್ನ ಬೈದ್ರೆ ಬೈಲಿ. ನಿಮ್ಮನ್ನ ಒಂದು ಮಾತು ಅನ್ನೋದು ನಾನ್ ಕೇಳಕ್ಕಾಗಲ್ಲ” ಎಂದ.

ಕೆಂಪಯ್ಯ ರೈಫಲ್ಲನ್ನು ಮೇಜಿನ ಮೇಲಿಟ್ಟ. ಮರದ ಹಿಡಿಯಿಂದ ನಳಿಗೆ ಬಿಚ್ಚಿ, ಒಂದು ತುದಿಗೆ ಬಿರಡೆ ಹಾಕಿ, ಕಾಸಿದ ಬೂದಿ ನೀರು ಹುಯ್ದು ನಿಲ್ಲಿಸಿದ. ಅರ್ಧ ಗಂಟೆಗೆ ಬಿರಡೆ ತೆಗೆದಾಗ ಕಾಫಿ ಡಿಕಾಕ್ಷನ್ನಿನಂಥ ನೀರು ಇಳಿಯಿತು. ಮತ್ತೆ ಹುಯ್ದ. ಮೂರನೇ ಸಲಕ್ಕೆ ಬ್ರಷ್ಷಿಗೆ ಕಂದು ಸಿಪ್ಪೆ, ಅದರ ಹಿಂದೆ ಸೀಸದ ಚೂರು ಎದ್ದು ಬಂದವು. ಆಮೇಲೆ ಬರೀ ಬಿಸಿನೀರು, ಒಣಬಟ್ಟೆ, ಕಡೆಗೆ ಮಣಿ ಮುಚ್ಚಿಟ್ಟಿದ್ದ ಬಂದೂಕಿನ ಎಣ್ಣೆ. ಸಂಜೆ ಮನೆಗೆ ಹೊರಟಾಗ ನಳಿಗೆ ಹಗುರಾಗಿತ್ತು, ಕೆಂಪಯ್ಯ ಭಾರವಾಗಿದ್ದ.

ಭಾನುವಾರ ಎಲ್ಲರೂ ಇದ್ದರು. ಶಂಕರ್ ಕ್ಯಾಮೆರಾ ಇಳಿಸಿ ನೋಡಿದ. ಬಹಳ ಹೊತ್ತು ನೋಡಿದ. ಫೋನನ್ನು ಕೆಂಪಯ್ಯನತ್ತ ತಿರುಗಿಸಿದ. ಎಂಟು ಸಾಲು, ಹೊಸದಾಗಿ ಉತ್ತ ಹಾಗೆ, ಅಂಚು ಮಿಂಚುತ್ತಿತ್ತು.

“ಪೆರಿಯವರೇ, ಸೋತೆ,” ಎಂದ. “ಏನು ತುಂಬಿತ್ತು ಇದರಲ್ಲಿ?”

“ಒಣಗಿದ ಎಣ್ಣೆ. ಉಚ್ಚೆಳ್ಳೆಣ್ಣೆ.”

“ಹುಚ್ಚೆಳ್ಳೆಣ್ಣೆಯಾ?” ವಿಶಾಲಾಕ್ಷಮ್ಮನವರ ದನಿ ಶಾಲೆಯ ದಿನಗಳಿಗೆ ಹೋಯಿತು. “ರೈಫಲ್ಲಿಗೆ ಒಗ್ಗರಣೆ ಹಾಕಿದ್ದು ಯಾರು? ಮಣಿ?”

“ನಾನೇ ಅಮ್ಮ,” ಎಂದ ಮಣಿ ನೆಲ ನೋಡುತ್ತ.

“ನಿನ್ನನ್ನ ನಂಬಿ ಬಂದೂಕು ಕೊಟ್ಟರೆ...”

“ಟೀಚರಮ್ಮ, ಅವನ ಬುಡಿ,” ಎಂದು ಕೆಂಪಯ್ಯ ಕುರ್ಚಿಯಿಂದ ಎದ್ದ. “ಹಾಕಿದ್ದು ಅವನ ಕೈ. ಏಳಿದ್ದು ನನ್ನ ಬಾಯಿ. ನಮ್ಮಪ್ಪನ ಕೋವಿಗ ಹಾಕ್ತಿದ್ದೋ, ಇದ್ಕೂ ಹಾಕು ಅಂದಿ. ಅದರ ಒಳಗ ಸಾಲಿಲ್ಲ, ಇದರ ಒಳಗ ಸಾಲದ. ಊರಿಗೆಲ್ಲ ಸಾಲು ದಿಂಡು ಅಂತ ಪಾಠ ಏಳ್ದೋನು ನಾನು. ಆವತ್ತು ನಂಗೇ ನೆಪ್ಪಾಗ್ನಿಲ್ಲ.”

 ಪೂಜ ತಾತನನ್ನು ನೋಡಿದಳು. ಅವನ ಕುತ್ತಿಗೆ ಬಗ್ಗಿರಲಿಲ್ಲ. ಹನ್ನೆರಡು ರೈಫಲ್ಲಿನ ಕಥೆ ಹೇಳುವಾಗ ಹೇಗೆ ನಿಲ್ಲುತ್ತಿದ್ದನೋ ಹಾಗೆಯೇ ನಿಂತಿದ್ದ.

“ಅದನ್ನ ಹೇಳ್ಬೇಕಾಗಿರಲಿಲ್ಲ ನೀವು,” ಎಂದರು ವಿಶಾಲಾಕ್ಷಮ್ಮ, ದನಿ ಇಳಿಸಿ. “ಮಣಿ ಒಪ್ಕೊಂಡಿದ್ದ.”

“ಅದ್ಕೇ ಏಳಿದ್ದು. ನಂಗೋಸ್ಕರ ಇನ್ನೊಬ್ಬ ತಲೆ ಬಗ್ಗುಸುದ್ರ ನನ್ನ ತಲೆ ಎತ್ತಿ ಏನ್ ಬಂತು? ಸರಿ, ಇನ್ನೂ ಪರೀಕ್ಷೆ ಮುಗುದಿಲ್ಲ. ಪೂಜ, ಮಲಿಕ್ಕ.”

ಪೂಜ ಚಾಪೆಯ ಮೇಲೆ ಮಲಗಿ ಎಡಗೆನ್ನೆಗೆ ರೈಫಲ್ ಒತ್ತಿದಳು. ಹತ್ತು ಗುಂಡು. ಮಣಿ ಓಡಿಹೋಗಿ ಹಾಳೆ ತಂದ. ಹತ್ತೂ ತೂತನ್ನು ಒಂದು ಹೊಂಗೆ ಬೀಜದಿಂದ ಮುಚ್ಚಬಹುದಿತ್ತು. ಕೂತಿದ್ದವರು ಚಪ್ಪಾಳೆ ಹೊಡೆದರು. ವಿಶಾಲಾಕ್ಷಮ್ಮ ಕಂಡಮ್ ಕಾಗದ ಮಡಚಲು ಹೋದರು.

“ತಡೀರಿ,” ಎಂದ ಕೆಂಪಯ್ಯ. “ಈಗ ತಾನೆ ತೊಳ್ದ ನಳಿಗೆ ಮೊದಲ ಹತ್ತು ಗುಂಡು ಯಾವತ್ತೂ ಚೆಂದವಾಗೇ ಒಡೀತದ. ಹೊಸ ಸೊಸೆ ಇದ್ದಂಗ. ಸಾಲು ಮತ್ತ ತುಂಬ್ತದ ಇಲ್ವ ಅಂತ ಗೊತ್ತಾಗಬೇಕಾದ್ರ ಇನ್ನ ಮೂವತ್ತು ಒಡೀಬೇಕು.”

“ಸಾಕು ಪೆರಿಯವರೇ, ನಂಬಿದ್ವಿ,” ಎಂದ ಶಂಕರ್.

“ನೀವ್ ನಂಬುದ್ರಿ ಕಣಪ್ಪ. ಬುಧವಾರ ನೀನೂ ಕ್ಯಾಮೆರಾ ನಂಬಿದ್ದೆ, ಎರಡ್ ವರ್ಸದಿಂದ ನಾನೂ ನಮ್ಮಪ್ಪನ ಎಣ್ಣೆ ನಂಬಿದ್ದಿ. ಒಡೀಲಿ.”

ನಡುವೆ ಒಂದು ಸಲವೂ ಒರೆಸದೆ ಪೂಜ ಮೂವತ್ತು ಗುಂಡು ಹೊಡೆದಳು. ಬೆವರು ಹುಬ್ಬಿನಿಂದ ಇಳಿದು ಕೆನ್ನೆಗೆ ಬಂತು. ಎರಡನೇ ಹಾಳೆ ಬಂತು, ಮೂರನೆಯದು ಬಂತು. ನಾಲ್ಕನೇ ಹಾಳೆಯಲ್ಲಿ ಒಂದು ಗುಂಡು ಬಲಕ್ಕೆ ಒಂದು ಬೆರಳು ಸರಿದಿತ್ತು.

“ಇದು ನಳಿಗೇದಲ್ಲ,” ಎಂದ ಕೆಂಪಯ್ಯ ಹಾಳೆಯನ್ನು ಬೆಳಕಿಗೆ ಹಿಡಿದು. “ಕೊಳೆ ಕೂತ್ರ ಗುಂಡು ಸುತ್ತಲೂ ಚೆಲ್ತದ. ಒಂದೇ ಒಂದು ಓಡೋಗಿದ್ರ ಅದು ಒಡದೋಳ್ದು.”

“ಹೌದು ತಾತ, ಉಸುರು ಬುಟ್ಬುಟ್ಟಿ,” ಎಂದಳು ಪೂಜ ಮಲಗಿದಲ್ಲಿಂದಲೇ.

 

“ನೋಡುದ್ರಾ? ನಳಿಗೆ ಸುಳ್ಳೇಳಲ್ಲ, ನಮ್ಮ ಕೂಸೂ ಸುಳ್ಳೇಳಲ್ಲ.” ಆಗ ಮಾತ್ರ ಅವನು ನಕ್ಕ.

ವಿಶಾಲಾಕ್ಷಮ್ಮ ಕಾಗದ ಹರಿದರು. ಮುಂದಿನ ಭಾನುವಾರ ಪೂಜ ಅದೇ ರೈಫಲ್ ಹಿಡಿದು ಆಯ್ಕೆಯಲ್ಲಿ ಎರಡನೆಯವಳಾಗಿ ಜಿಲ್ಲೆಯ ತಂಡ ಸೇರಿದಳು. ಅಲ್ಲೂ ಒಮ್ಮೆ ಉಸಿರು ಬಿಡದಿದ್ದರೆ ಮೊದಲನೆಯವಳೇ ಆಗುತ್ತಿದ್ದಳೆಂದು ಕೆಂಪಯ್ಯ ಇವತ್ತಿಗೂ ವಾದಿಸುತ್ತಾನೆ.

ಆ ದಿನ ಗಣಿಯಿಂದ ಹೊರಡುವ ಮುಂಚೆ ಶಂಕರ್ ಅವನ ಹತ್ತಿರ ಬಂದು ಸ್ವಲ್ಪ ತಡವರಿಸಿದ. ಹೋದ ವರ್ಷ ತಾನು ಸವೆದಿದೆ ಎಂದು ಬದಿಗಿಡಿಸಿದ ನಳಿಗೆಗಳು ಇನ್ನೂ ಎರಡಿವೆ, ಅವನ್ನು ಒಮ್ಮೆ ಮುಟ್ಟಿ ನೋಡಲು ಸತ್ಯಮಂಗಲಕ್ಕೆ ಬರುತ್ತೀರಾ ಎಂದು ಕೇಳಿದ.

“ಬತ್ತಿನಿ,” ಎಂದ ಕೆಂಪಯ್ಯ. “ಸವೆದಿದ್ರ ಸವೆದದ ಅಂತ್ಲೇ ಏಳ್ತಿನಿ, ನಿನ್ನ ಮಾತೇ ಸರಿ ಅಂತಿನಿ. ಆದ್ರ ನಾನೊಬ್ನೇ ಬರಲ್ಲ ಕಣಪ್ಪ. ಬೆರಳು ನಂದು, ಮೂಗು ಮನೇವಳ್ದು. ಇಬ್ರಿಗೂ ಸೀಟು ಇಡ್ಸು.”